ಮಕ್ಕಳ ರಕ್ತದಲ್ಲಿ ಸೀಸ: ಲೆಕ್ಕ ಇಡುವವರು ಯಾರು?



ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ ಯಾವುದಾದರೂ ವಿಷಯ ಆರಿಸಿಕೊಳ್ಳಿ ಎಂದು ಈ ದತ್ತಿ ಉಪನ್ಯಾಸದ ಸಮಿತಿಯವರು ಹೇಳಿದ್ದರು. ಲಸಿಕೆಯ ಬಗ್ಗೆ, ಅಪೌಷ್ಟಿಕತೆಯ ಬಗ್ಗೆ ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಕ್ಕಳ ರಕ್ತಕ್ಕೆ ಸೇರುವ ಸೀಸದ ಬಗ್ಗೆ ಮಾತಾಡುವವರು ಕಡಿಮೆ. ಆ ಸೀಸವನ್ನು ಅಳೆಯಬೇಕು, ಅಳೆದದ್ದನ್ನು ಬರೆದಿಡಬೇಕು, ಬರೆದದ್ದನ್ನು ಹಿಡಿದುಕೊಂಡು ಮಗುವಿನ ಮನೆಯ ಬಾಗಿಲಿಗೆ ಹೋಗಬೇಕು. ಇದಕ್ಕೆಲ್ಲ ಸರ್ಕಾರ ಹಣ ಇಡಬೇಕು ಎಂಬ ಮಾತಂತೂ ನಮ್ಮ ವೇದಿಕೆಗಳಲ್ಲಿ ಕೇಳಿಬರುವುದೇ ಇಲ್ಲ. ಆಯವ್ಯಯ ಪತ್ರದ ಒಂದು ಸಣ್ಣ ಬಾಬ್ತು ಒಂದು ಇಡೀ ಉಪನ್ಯಾಸಕ್ಕೆ ವಿಷಯವಾದೀತೇ ಎಂದು ನಿಮಗೆ ಅನ್ನಿಸಬಹುದು. ಆ ಬಾಬ್ತಿಗೆ ಹಣ ನಿಂತಾಗಲೆಲ್ಲ ಏನಾಯಿತು ಎಂಬುದಕ್ಕೆ ಅಮೆರಿಕದಲ್ಲಿ ಅರ್ಧ ಶತಮಾನದ ದಾಖಲೆ ಇದೆ. ಇವತ್ತು ಹೆಚ್ಚು ಹೊತ್ತು ಅದನ್ನೇ ಹೇಳುತ್ತೇನೆ. ಆಮೇಲೆ ಬೆಂಗಳೂರಿಗೆ ಬರುತ್ತೇನೆ. ಭಾರತದಲ್ಲಿ ಈ ವಿಷಯಕ್ಕೆ ದೊಡ್ಡ ದನಿ ಸಿಕ್ಕಿದ್ದು ಇದೇ ಊರಿನಲ್ಲಿ.

ಮೊದಲು ಕಾಯಿಲೆಯ ಸ್ವಭಾವ ತಿಳಿಯಬೇಕು. ಸೀಸಕ್ಕೆ ನಮ್ಮ ಶರೀರದಲ್ಲಿ ಯಾವ ಕೆಲಸವೂ ಇಲ್ಲ. ಕಬ್ಬಿಣ, ಸತು, ತಾಮ್ರಗಳಿಗಿರುವಂತೆ ದಿನಕ್ಕೆ ಇಷ್ಟು ಬೇಕು ಎಂಬ ಅಳತೆ ಇದಕ್ಕಿಲ್ಲ. ಕ್ಯಾಲ್ಸಿಯಂ ಸಾಗುವ ದಾರಿಯಲ್ಲೇ ಸಾಗಿ ಅದು ಒಳಗೆ ಸೇರಿಬಿಡುತ್ತದೆ. ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ರಕ್ತ ಸೇರಿದರೆ, ಎಳೆಯ ಮಗುವಿನಲ್ಲಿ ಅರ್ಧದಷ್ಟು ಸೇರಬಹುದು. ಮಗುವಿಗೆ ಕಬ್ಬಿಣದ ಕೊರತೆ ಇದ್ದರೆ ಇನ್ನೂ ಹೆಚ್ಚು. ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಿಗೆ ಇಬ್ಬರ ಆಸುಪಾಸಿನಲ್ಲಿ ರಕ್ತಹೀನತೆ ಇದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆ ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ರಕ್ತಕ್ಕೆ ಸೇರಿದ ಸೀಸದಲ್ಲಿ ಅರ್ಧ ಸುಮಾರು ಒಂದು ತಿಂಗಳಲ್ಲಿ ರಕ್ತದಿಂದ ಮರೆಯಾಗುತ್ತದೆ. ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಮೂಳೆ ಸೇರಿ ದಶಕಗಟ್ಟಲೆ ಅಲ್ಲಿಯೇ ಕೂರುತ್ತದೆ. ಹುಡುಗಿ ಬೆಳೆದು ಗರ್ಭಿಣಿಯಾದಾಗ ಮೂಳೆಯಿಂದ ಮತ್ತೆ ಹೊರಬಂದು ಹೊಟ್ಟೆಯಲ್ಲಿರುವ ಕೂಸನ್ನು ಮುಟ್ಟುತ್ತದೆ. ಆದ್ದರಿಂದ ಪರೀಕ್ಷೆಗೆ ಒಂದು ಕಾಲ ಇದೆ. ಮಗು ತೆವಳುವ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಒಂದು, ಎರಡು ವರ್ಷದ ವಯಸ್ಸಿನಲ್ಲಿ ನೋಡದೆ ಹೋದರೆ, ಮುಂದೆ ಶಾಲೆಗೆ ಸೇರಿದ ಮೇಲೆ ನೋಡಿದಾಗ ರಕ್ತ ಶುದ್ಧವಾಗಿಯೇ ಕಾಣಬಹುದು. ಮಿದುಳಿಗೆ ಆದ ಹಾನಿ ಮಾತ್ರ ಆಗಿಯೇ ಇರುತ್ತದೆ.

ಇಷ್ಟು ಕೆಡುಕು ಮಾಡುವ ಈ ವಿಷ ಹೊರಗೆ ಏನನ್ನೂ ತೋರಿಸುವುದಿಲ್ಲ. ಪ್ರಮಾಣ ವಿಪರೀತ ಏರಿದರೆ ಹೊಟ್ಟೆನೋವು, ಸೆಳವು, ಪ್ರಜ್ಞೆ ತಪ್ಪುವುದು, ಸಾವು ಎಲ್ಲ ಉಂಟು. ಬಹುಪಾಲು ಮಕ್ಕಳು ಆ ಹಂತಕ್ಕೆ ಹೋಗುವುದಿಲ್ಲ. ಆಡುತ್ತಾರೆ, ಉಣ್ಣುತ್ತಾರೆ, ತೂಕವೂ ಏರುತ್ತದೆ. ಆಮೇಲೆ ಶಾಲೆಯಲ್ಲಿ ಓದು ಹತ್ತುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ, ಹೇಳಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಮೇಷ್ಟ್ರು ಮಗುವನ್ನು ದಡ್ಡ ಎನ್ನುತ್ತಾರೆ, ತಂದೆತಾಯಿ ಹಣೆಬರಹ ಎನ್ನುತ್ತಾರೆ. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಮ್ಯಾಸಚೂಸೆಟ್ಸ್ ರಾಜ್ಯದ ಚೆಲ್ಸಿ, ಸಾಮರ್‌ವಿಲ್ ಊರುಗಳ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಒಟ್ಟುಮಾಡಿ ಅವುಗಳಲ್ಲಿದ್ದ ಸೀಸವನ್ನು ಅಳೆದರು. ಕಾಯಿಲೆಯ ಒಂದು ಲಕ್ಷಣವೂ ಇಲ್ಲದ ಮಕ್ಕಳವು. ಹಲ್ಲಿನಲ್ಲಿ ಹೆಚ್ಚು ಸೀಸ ಇದ್ದ ಮಕ್ಕಳ ಬುದ್ಧಿಮತ್ತೆಯ ಅಂಕ ಕಡಿಮೆ ಇತ್ತು, ತರಗತಿಯಲ್ಲಿ ಗಮನವೂ ಕಡಿಮೆ ಇತ್ತು. ಸೀಸದ ಉದ್ಯಮ ಅವರನ್ನು ವರ್ಷಗಟ್ಟಲೆ ಬೆನ್ನಟ್ಟಿ ಪೀಡಿಸಿತು. ಅವರು ಹೇಳಿದ್ದು ನಿಂತಿತು. 2005ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಒಂದು ಡೆಸಿಲೀಟರ್ ರಕ್ತದಲ್ಲಿ ಸೀಸ 2.4ರಿಂದ 10 ಮೈಕ್ರೊಗ್ರಾಂಗೆ ಏರುವಷ್ಟರಲ್ಲಿ ಬುದ್ಧಿಮತ್ತೆಯ ಅಂಕ ಸುಮಾರು ನಾಲ್ಕು ಇಳಿಯುತ್ತದೆ. ಅಲ್ಲಿಂದ ಮೇಲೆ 30ರವರೆಗೆ ಏರಿದರೆ ಇನ್ನೊಂದು ಮೂರು ಇಳಿಯುತ್ತದೆ. ಅಂದರೆ ಮೊದಲ ಚಿಟಿಕೆಯ ಪೆಟ್ಟೇ ದೊಡ್ಡದು. ಇಲ್ಲಿಯವರೆಗೆ ಪರವಾಗಿಲ್ಲ ಎನ್ನಬಹುದಾದ ಮಟ್ಟ ಯಾವುದೂ ಸಿಕ್ಕಿಲ್ಲ.

ಔಷಧಿ ಇಲ್ಲವೇ ಎಂದು ನೀವು ಕೇಳುತ್ತೀರಿ. ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಔಷಧಿಗಳಿವೆ. ಪ್ರಮಾಣ 45 ದಾಟಿದ ಮಗುವಿಗೆ ಅವನ್ನು ಕೊಡುತ್ತಾರೆ, ಅವು ಜೀವ ಉಳಿಸುತ್ತವೆ. ಅದಕ್ಕಿಂತ ಕಡಿಮೆ ಇದ್ದ ಮಕ್ಕಳಿಗೆ ಕೊಟ್ಟರೆ ಬುದ್ಧಿ ಚೇತರಿಸೀತೇ ಎಂದು ಅಮೆರಿಕದಲ್ಲಿ 780 ಮಕ್ಕಳ ಮೇಲೆ ಶಿಸ್ತಿನ ಪರೀಕ್ಷೆ ನಡೆಯಿತು. ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ರಕ್ತದ ಸೀಸ ಇಳಿಯಿತು, ಬುದ್ಧಿ ಚೇತರಿಸಲಿಲ್ಲ. ಸಾರ್ವಜನಿಕ ಆರೋಗ್ಯದ ಪಾಠ ಹೇಳುವವರೆಲ್ಲ ತರಗತಿಯಲ್ಲಿ ನಿಧಾನವಾಗಿ ಓದಿಸಬೇಕಾದ ಅಧ್ಯಯನ ಇದು. ಹಾನಿ ಆದ ಮೇಲೆ ಆಸ್ಪತ್ರೆಯ ಕೈಯಲ್ಲಿ ಏನೂ ಇಲ್ಲ ಎಂದಾದರೆ, ಮೂಲವನ್ನು ಹುಡುಕಿ ಮಗುವಿನಿಂದ ದೂರ ಮಾಡುವುದೊಂದೇ ಉಳಿಯುವ ಚಿಕಿತ್ಸೆ. ಮೂಲವನ್ನು ಹುಡುಕಬೇಕಾದರೆ ಮೊದಲು ಯಾವ ಮಗುವಿನ ರಕ್ತದಲ್ಲಿ ಸೀಸ ಇದೆ ಎಂದು ತಿಳಿಯಬೇಕು.

ಇದಕ್ಕೆ ಆಗಬೇಕಾದ ಕೆಲಸ ಏನು? ಬೆರಳ ತುದಿ ಚುಚ್ಚಿ ಒಂದೆರಡು ಹನಿ ರಕ್ತ ತೆಗೆಯುವುದು ಆರಂಭ. ಬೆರಳ ಮೇಲಿನ ಧೂಳಿನಲ್ಲೇ ಸೀಸ ಇರಬಹುದಾದ್ದರಿಂದ, ಹೆಚ್ಚು ಬಂದರೆ ರಕ್ತನಾಳದಿಂದ ರಕ್ತ ತೆಗೆದು ಮತ್ತೊಮ್ಮೆ ನೋಡಬೇಕು. ಪ್ರಯೋಗಾಲಯದ ಅಳತೆ ಸರಿ ಇದೆಯೇ ಎಂದು ಆಗಾಗ ಯಾರಾದರೂ ತಪಾಸಣೆ ಮಾಡುತ್ತಿರಬೇಕು. ಫಲಿತಾಂಶ ವೈದ್ಯರ ಮೇಜಿನ ಮೇಲೆ ಉಳಿಯದೆ ಜಿಲ್ಲೆಗೆ, ರಾಜ್ಯಕ್ಕೆ ಹೋಗಿ ಒಂದು ಕಡೆ ಸೇರಬೇಕು. ಯಾವ ಬೀದಿ, ಎಷ್ಟು ವಯಸ್ಸು, ಮನೆ ಯಾವ ಕಾಲದ್ದು, ತಂದೆಯ ಕೆಲಸ ಏನು ಎಂದು ಜೋಡಿಸಿ ನೋಡುವ ಒಬ್ಬರು ಬೇಕು. ಕೊನೆಗೆ ಮನೆಗೇ ಹೋಗಿ ಗೋಡೆಯ ಬಣ್ಣ, ಅಂಗಳದ ಮಣ್ಣು, ನಲ್ಲಿಯ ನೀರು, ಮಸಾಲೆ ಡಬ್ಬಿ, ಆಟಿಕೆ, ಪಾತ್ರೆ, ಕಾಡಿಗೆ ಎಲ್ಲವನ್ನೂ ನೋಡುವ ಒಬ್ಬ ತನಿಖಾ ನೌಕರ ಬೇಕು. ಕಟ್ಟಡ ಕಟ್ಟಿ ಫಲಕ ಹಾಕಿ ಉದ್ಘಾಟಿಸುವಂಥದ್ದು ಇದರಲ್ಲಿ ಏನೂ ಇಲ್ಲ. ವೆಚ್ಚವೆಲ್ಲ ಸಂಬಳ, ಪ್ರಯಾಣಭತ್ಯೆ, ಪ್ರಯೋಗಾಲಯದ ಸಾಮಗ್ರಿ. ಇಂಥ ವೆಚ್ಚಕ್ಕೆ ವಿಧಾನಸಭೆಯಲ್ಲಾಗಲಿ ವಾಷಿಂಗ್ಟನ್ನಿನಲ್ಲಾಗಲಿ ಒತ್ತಾಯಿಸುವವರು ಇರುವುದಿಲ್ಲ. ಕಡಿತ ಮಾಡಬೇಕಾಗಿ ಬಂದಾಗ ಕತ್ತರಿ ಮೊದಲು ಇಲ್ಲಿಗೇ ಬರುತ್ತದೆ. ಕಡಿತವಾದದ್ದರಿಂದ ಏನೂ ಕೆಟ್ಟಿಲ್ಲ ಎಂದು ಕಾಣುವುದೂ ಇಲ್ಲಿಯೇ, ಏಕೆಂದರೆ ಕೆಟ್ಟದ್ದನ್ನು ತೋರಿಸಬೇಕಾದ ಪುಸ್ತಕವನ್ನೇ ಮುಚ್ಚಿರುತ್ತೇವೆ. ಮಳೆ ಅಳೆಯುವ ಪಾತ್ರೆಯನ್ನು ಎತ್ತಿ ಒಳಗಿಟ್ಟು, ಈ ವರ್ಷ ಮಳೆಯೇ ಆಗಲಿಲ್ಲ ಎಂದು ವರದಿ ಬರೆದ ಹಾಗೆ.

ಈಗ ಅಮೆರಿಕದ ಕಥೆ. ಮಕ್ಕಳು ಮನೆಯ ಬಣ್ಣದಿಂದ ಸೀಸದ ವಿಷಕ್ಕೆ ಈಡಾಗುತ್ತಾರೆ ಎಂದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯರು 1904ರಲ್ಲೇ ಜಗುಲಿಯ ಕಟಕಟೆಗಳನ್ನು ತೋರಿಸಿ ಬರೆದಿದ್ದರು. ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅಷ್ಟರಲ್ಲಿ ಕೋಟಿಗಟ್ಟಲೆ ಮನೆಗಳ ಕಿಟಕಿ ಬಾಗಿಲುಗಳಿಗೆ ಆ ಬಣ್ಣ ಬಿದ್ದಾಗಿತ್ತು. ತುಸು ಸಿಹಿಯಾದ ಆ ಚಕ್ಕೆಗಳನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಿಟಕಿ ತೆರೆದು ಮುಚ್ಚಿದಾಗ ಉದುರುವ ಧೂಳು ಅದಕ್ಕಿಂತ ಅಪಾಯದ್ದು, ಕಣ್ಣಿಗೆ ಬೀಳುವುದಿಲ್ಲ. 1971ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನ ಕಾಯಿದೆಯೊಂದು ಜಾರಿಗೆ ಬಂದು, ಮಕ್ಕಳ ರಕ್ತಪರೀಕ್ಷೆಗೆ ಊರೂರಿಗೆ ಕೇಂದ್ರದ ಹಣ ಸಿಗತೊಡಗಿತು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 40 ಲಕ್ಷ ಮಕ್ಕಳನ್ನು ಪರೀಕ್ಷಿಸಿದರು. ಅವರಲ್ಲಿ ಎರಡೂವರೆ ಲಕ್ಷ ಮಕ್ಕಳ ರಕ್ತದಲ್ಲಿ ಆಗಿನ ಅಳತೆಯ ಪ್ರಕಾರವೇ ವಿಷದ ಮಟ್ಟದ ಸೀಸ ಇತ್ತು. ಆಗಿನ ಅಳತೆ ಎಂದರೆ ಇವತ್ತಿನ ಅಳತೆಗಿಂತ ಎಷ್ಟೋ ಪಟ್ಟು ಸಡಿಲ.

1981ರಲ್ಲಿ ಮೊದಲ ಪೆಟ್ಟು ಬಿತ್ತು. ಪ್ರತ್ಯೇಕವಾಗಿ ಬರುತ್ತಿದ್ದ ಸೀಸದ ಹಣವನ್ನು ತಾಯಿ ಮಕ್ಕಳ ಆರೋಗ್ಯದ ದೊಡ್ಡ ಅನುದಾನದೊಳಗೆ ಸೇರಿಸಿ, ಇಷ್ಟಬಂದಂತೆ ಹಂಚಿಕೊಳ್ಳಿ ಎಂದು ರಾಜ್ಯಗಳಿಗೆ ಬಿಟ್ಟರು. ದೇಶದ ಮಟ್ಟದಲ್ಲಿ ಲೆಕ್ಕ ಸೇರಿಸುವುದು ಅಲ್ಲಿಗೆ ನಿಂತಿತು. ಹಣವನ್ನು ರದ್ದು ಮಾಡಿದೆವು ಎಂದು ಯಾರೂ ಹೇಳಲಿಲ್ಲ. ಅದರ ಹೆಸರನ್ನು ಮಾತ್ರ ತೆಗೆದರು. ನಮ್ಮ ಕಚೇರಿಗಳನ್ನು ಬಲ್ಲವರಿಗೆ ಈ ರೀತಿ ಅಪರಿಚಿತವಲ್ಲ.

ಅದೇ ಹೊತ್ತಿನಲ್ಲಿ ಸರ್ಕಾರವೇ ಹಣ ಕೊಟ್ಟು ನಡೆಸಿದ ಇನ್ನೊಂದು ಅಳತೆ ಇಡೀ ಜಗತ್ತಿನ ದಾರಿಯನ್ನೇ ಬದಲಿಸಿತು. 1976ರಿಂದ 1980ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯವರು ದೇಶದ ಉದ್ದಗಲಕ್ಕೆ ಜನರ ರಕ್ತದ ಸೀಸವನ್ನು ಅಳೆದರು. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ 88 ಮಕ್ಕಳ ರಕ್ತದಲ್ಲಿ 10 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇತ್ತು. ಅದಕ್ಕಿಂತ ಮುಖ್ಯವಾದದ್ದು, ಆ ನಾಲ್ಕು ವರ್ಷಗಳಲ್ಲಿ ಜನರ ರಕ್ತದ ಸೀಸದ ಸರಾಸರಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿದಿತ್ತು. ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ಹೇಗೆ ಇಳಿದಿತ್ತೋ ಈ ಗೆರೆಯೂ ಹಾಗೆಯೇ ಇಳಿದಿತ್ತು. ಪೆಟ್ರೋಲಿನ ಸೀಸ ಜನರ ರಕ್ತಕ್ಕೆ ಸೇರುವುದಿಲ್ಲ ಎಂದು ದಶಕಗಳಿಂದ ಹೇಳುತ್ತಿದ್ದ ಕಂಪನಿಗಳಿಗೆ ಉತ್ತರ ಸಿಕ್ಕಿದ್ದು ಆ ಎರಡು ಗೆರೆಗಳಲ್ಲಿ. ಅದನ್ನು ಮುಂದಿಟ್ಟುಕೊಂಡೇ 1985ರಲ್ಲಿ ಪೆಟ್ರೋಲಿನ ಸೀಸವನ್ನು ತೀವ್ರವಾಗಿ ಕಡಿತಗೊಳಿಸಿದರು. 1996ಕ್ಕೆ ಅಲ್ಲಿನ ರಸ್ತೆ ವಾಹನಗಳಿಗೆ ಅದು ಪೂರ್ತಿ ನಿಂತಿತು. 1991ರಿಂದ 1994ರ ನಡುವೆ ಮತ್ತೆ ಅಳೆದಾಗ ನೂರಕ್ಕೆ 88 ಇದ್ದದ್ದು ನಾಲ್ಕರ ಆಸುಪಾಸಿಗೆ ಬಂದಿತ್ತು. ಮಾನವ ಆರೋಗ್ಯದ ಇತಿಹಾಸದಲ್ಲಿ ಇಷ್ಟು ಅಲ್ಪ ಕಾಲದಲ್ಲಿ ಇಷ್ಟು ಮಕ್ಕಳ ಮಿದುಳು ಉಳಿಸಿದ ಕೆಲಸ ಇನ್ನೊಂದನ್ನು ಹುಡುಕುವುದು ಕಷ್ಟ. ಅದರ ಬುಡದಲ್ಲಿದ್ದದ್ದು ಸರ್ಕಾರಿ ಸಂಬಳದ ಕೆಲವು ಸಮೀಕ್ಷಕರು, ಕೆಲವು ಪ್ರಯೋಗಾಲಯಗಳು.

1988ರಲ್ಲಿ ಹೊಸ ಕಾಯಿದೆ ಬಂದು, ಸಿಡಿಸಿ ಎಂದು ನಾವೆಲ್ಲ ಕರೆಯುವ ರೋಗ ನಿಯಂತ್ರಣ ಕೇಂದ್ರಕ್ಕೆ ಸೀಸದ ಕೆಲಸ ಮರಳಿ ಸಿಕ್ಕಿತು. ರಾಜ್ಯಗಳಿಗೆ ಹಣ ಹೋಗತೊಡಗಿತು. ಬಡ ಕುಟುಂಬಗಳ ವೈದ್ಯಕೀಯ ವೆಚ್ಚ ಭರಿಸುವ ಮೆಡಿಕೇಡ್ ಯೋಜನೆಯ ಮಕ್ಕಳಿಗೆ ಒಂದು ಮತ್ತು ಎರಡನೆಯ ವರ್ಷದಲ್ಲಿ ಪರೀಕ್ಷೆ ಕಡ್ಡಾಯವಾಯಿತು. ಎಚ್ಚರಿಕೆಯ ಮಟ್ಟ 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. 1960ರ ದಶಕದಲ್ಲಿ ಇದೇ ಮಟ್ಟ 60 ಇತ್ತು.

2012ನೆಯ ಇಸವಿಯನ್ನು ಇನ್ನೊಂದು ಕಾರಣಕ್ಕೂ ನೆನಪಿಡಬೇಕು. ಎಚ್ಚರಿಕೆಯ ಮಟ್ಟವನ್ನು ಅರ್ಧಕ್ಕೆ ಇಳಿಸಿ, ಇನ್ನೂ ಲಕ್ಷಾಂತರ ಮಕ್ಕಳ ಮೇಲೆ ನಿಗಾ ಇಡಬೇಕು ಎಂದು ವಿಜ್ಞಾನಿಗಳು ಹೇಳಿದ ಅದೇ ವರ್ಷ, ಸಿಡಿಸಿಯ ಸೀಸ ಕಾರ್ಯಕ್ರಮದ ಹಣ ಸುಮಾರು 2.9 ಕೋಟಿ ಡಾಲರಿನಿಂದ 20 ಲಕ್ಷ ಡಾಲರಿಗೆ ಇಳಿಯಿತು. ಅಮೆರಿಕದ ಬಜೆಟ್ಟಿನಲ್ಲಿ 2.9 ಕೋಟಿ ಡಾಲರ್ ಎಂದರೆ ಲೆಕ್ಕಕ್ಕೇ ಸಿಗದ ಮೊತ್ತ. ಅದರ ಬಹುಪಾಲನ್ನು ಉಳಿಸುವುದಕ್ಕಾಗಿ ರಾಜ್ಯಗಳಿಗೆ ಹೋಗುತ್ತಿದ್ದ ನೆರವನ್ನು ನಿಲ್ಲಿಸಿದರು. ರಾಜ್ಯಗಳಲ್ಲಿ ಮನೆಗೆ ಹೋಗಿ ನೋಡುತ್ತಿದ್ದ ನೌಕರರು ಕೆಲಸ ಕಳೆದುಕೊಂಡರು.

ಎರಡು ವರ್ಷದ ಮೇಲೆ, 2014ರ ಏಪ್ರಿಲ್‌ನಲ್ಲಿ, ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಬಡ ಊರಿನ ಕುಡಿಯುವ ನೀರಿನ ಮೂಲವನ್ನು ಖರ್ಚು ಉಳಿಸಲು ಬದಲಿಸಿದರು. ಹೊಸ ಮೂಲವಾದ ನದಿಯ ನೀರಿಗೆ ಸವೆತ ತಡೆಯುವ ರಾಸಾಯನಿಕ ಬೆರೆಸಲಿಲ್ಲ. ಹಳೆಯ ಕೊಳವೆಗಳಲ್ಲಿದ್ದ ಸೀಸ ಕರಗಿ ನಲ್ಲಿಗೆ ಬಂತು. ಜನ ಬಣ್ಣಗೆಟ್ಟ ನೀರನ್ನು ಬಾಟಲಿಯಲ್ಲಿ ಹಿಡಿದು ಸಭೆಗಳಿಗೆ ಬಂದರು. ನೀರು ಚೆನ್ನಾಗಿದೆ ಎಂದು ಅಧಿಕಾರಿಗಳು ಹೇಳುತ್ತಲೇ ಹೋದರು. ಮೋನಾ ಹನ್ನಾ ಅಟಿಶಾ ಎಂಬ ಮಕ್ಕಳ ವೈದ್ಯೆ ತಮ್ಮ ಆಸ್ಪತ್ರೆಯಲ್ಲಿ ಇದ್ದ ಮಕ್ಕಳ ರಕ್ತಪರೀಕ್ಷೆಯ ಫಲಿತಾಂಶಗಳನ್ನು ನೀರು ಬದಲಾಗುವ ಮೊದಲು ಮತ್ತು ಆಮೇಲೆ ಎಂದು ಬೇರ್ಪಡಿಸಿ ನೋಡಿದರು. 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದ್ದ ಮಕ್ಕಳು ನೂರಕ್ಕೆ 2.4 ಇದ್ದದ್ದು 4.9 ಆಗಿತ್ತು. 2015ರ ಸೆಪ್ಟೆಂಬರ್ 24ರಂದು ಅವರು ಈ ಏರಿಕೆಯ ವಿಷಯವನ್ನು ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ರಾಜ್ಯ ಸರ್ಕಾರ ಮೊದಲು ಅಲ್ಲಗಳೆಯಿತು, ಕೆಲವೇ ದಿನಗಳಲ್ಲಿ ತನ್ನದೇ ಕಡತ ನೋಡಿ ಒಪ್ಪಿಕೊಂಡಿತು. ಅಕ್ಟೋಬರ್‌ನಲ್ಲಿ ಹಳೆಯ ನೀರು ಮರಳಿ ಬಂತು.

ನಾನು ಒತ್ತಿ ಹೇಳಬೇಕೆಂದಿರುವುದು ಆ ಕಡತದ ಮಾತು. ಆ ರಾಜ್ಯದ ಆರೋಗ್ಯ ಇಲಾಖೆಯ ಸಿಬ್ಬಂದಿಯೇ ಅದೇ ವರ್ಷದ ಜುಲೈ ತಿಂಗಳಲ್ಲಿ ಆ ಏರಿಕೆಯನ್ನು ಗುರುತಿಸಿ ನಕ್ಷೆ ಮಾಡಿದ್ದರು. ಬೇಸಿಗೆಯಲ್ಲಿ ಹೀಗೆ ಏರುವುದು ಸಹಜ ಎಂದು ಅದನ್ನು ಬದಿಗಿಟ್ಟರು. ಅಂದರೆ ಅಂಕಿ ಇತ್ತು. ಅದನ್ನು ಓದಿ, ಅನುಮಾನಪಟ್ಟು, ಬೆನ್ನುಹತ್ತುವ ಅಧಿಕಾರ ಮತ್ತು ಬಿಡುವು ಇದ್ದವರು ಇರಲಿಲ್ಲ. ಪರೀಕ್ಷೆಯ ಕಿಟ್ಟುಗಳನ್ನು ಕೊಂಡು ಹಂಚಿದರೆ ಕೆಲಸ ಮುಗಿಯಿತು ಎಂದು ತಿಳಿಯುವವರು ಈ ಪ್ರಸಂಗವನ್ನು ಗಮನಿಸಬೇಕು. ಫ್ಲಿಂಟ್ ಆದ ಮೇಲೆ ಹಣ ಮತ್ತೆ ಹರಿಯಿತು. ಆ ಊರಿನ ಮಕ್ಕಳನ್ನು ದೀರ್ಘಕಾಲ ಗಮನಿಸುವ ದಾಖಲಾತಿಗೆ 2017ರಲ್ಲಿ 1.44 ಕೋಟಿ ಡಾಲರ್ ಕೊಟ್ಟರು. 2012ರಲ್ಲಿ ಉಳಿಸಿದ್ದರ ಅರ್ಧದಷ್ಟು ಹಣ ಒಂದೇ ಊರಿನ ದಾಖಲಾತಿಗೆ ಹೋಯಿತು. ಕೊಳವೆ ಬದಲಿಸಿದ್ದು, ಪರಿಹಾರ ಕೊಟ್ಟದ್ದು ಇದಕ್ಕೆ ಎಷ್ಟೋ ಪಟ್ಟು.

ಹಣ ಇದ್ದಾಗ ಈ ವ್ಯವಸ್ಥೆ ಏನು ಮಾಡಬಲ್ಲದು ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 2023ರ ಬೇಸಿಗೆಯಲ್ಲಿ ನಾರ್ತ್ ಕ್ಯಾರೊಲೈನಾ ರಾಜ್ಯದ ಒಂದು ಮನೆಯ ಇಬ್ಬರು ಪುಟ್ಟ ಮಕ್ಕಳಿಗೆ ವಾಡಿಕೆಯ ತಪಾಸಣೆಯಲ್ಲಿ ಸೀಸ ಕಂಡಿತು. ಮಕ್ಕಳು ಗೆಲುವಾಗಿಯೇ ಇದ್ದರು. ಆರೋಗ್ಯ ಇಲಾಖೆಯವರು ಮನೆಗೆ ಹೋಗಿ ಬಣ್ಣ, ಮಣ್ಣು, ನೀರು ಎಲ್ಲ ನೋಡಿದರು, ಏನೂ ಸಿಗಲಿಲ್ಲ. ರಕ್ತದ ಅಂಕಿ ಮಾತ್ರ ಇಳಿಯದು. ತನಿಖೆ ಬಿಡದೆ ಮಕ್ಕಳು ಏನೇನು ತಿನ್ನುತ್ತಾರೆ ಎಂದು ಒಂದೊಂದನ್ನೇ ನೋಡುತ್ತಾ ಹೋದಾಗ, ಮಕ್ಕಳು ಇಷ್ಟಪಟ್ಟು ಹೀರುತ್ತಿದ್ದ ದಾಲ್ಚಿನ್ನಿ ಬೆರೆಸಿದ ಸೇಬಿನ ಗೊಜ್ಜಿನ ಪೊಟ್ಟಣ ಸಿಕ್ಕಿತು. ಈಕ್ವೆಡಾರ್ ದೇಶದಲ್ಲಿ ಪುಡಿ ಮಾಡಿದ ಆ ದಾಲ್ಚಿನ್ನಿಯಲ್ಲಿ ಸೀಸ ಮತ್ತು ಕ್ರೋಮಿಯಂ ಎರಡೂ ಇದ್ದವು. ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸಿರಬೇಕು ಎಂಬುದು ತನಿಖೆಯವರ ತೀರ್ಮಾನ. ದಾಲ್ಚಿನ್ನಿಯ ಮಾದರಿಗಳಲ್ಲಿ ಹತ್ತು ಲಕ್ಷಕ್ಕೆ ಎರಡು ಸಾವಿರದಿಂದ ಐದು ಸಾವಿರ ಭಾಗದವರೆಗೆ ಸೀಸ ಇತ್ತು. ಪೊಟ್ಟಣಗಳನ್ನು ದೇಶಾದ್ಯಂತ ವಾಪಸು ತರಿಸಿದರು. ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಐನೂರಕ್ಕೂ ಹೆಚ್ಚು ಪ್ರಕರಣಗಳು ಸಿಡಿಸಿಯ ಲೆಕ್ಕಕ್ಕೆ ಸಿಕ್ಕವು. ಆ ಪದಾರ್ಥ ಯಾವ ಬಂದರಿನಲ್ಲೂ, ಯಾವ ಅಂಗಡಿಯಲ್ಲೂ ಸಿಕ್ಕಿಬೀಳಲಿಲ್ಲ. ಸಿಕ್ಕಿಬಿದ್ದದ್ದು ಎರಡು ಮಕ್ಕಳ ರಕ್ತದಲ್ಲಿ, ಮತ್ತು ಆ ರಕ್ತದ ಅಂಕಿಯನ್ನು ಬಿಡದೆ ಹಿಂಬಾಲಿಸಿದ ನೌಕರರಿಂದ.

ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2011, 2012ರಲ್ಲಿ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸ ಕಂಡು, ಅವರು ನುಂಗುತ್ತಿದ್ದ ಭಾರತದ ಆಯುರ್ವೇದದ ಗುಳಿಗೆಗಳವರೆಗೆ ತನಿಖೆ ಒಯ್ದದ್ದೂ ಇದೇ ದಾರಿಯಲ್ಲಿ. ಊರಿನಿಂದ ಔಷಧಿ, ಕುಂಕುಮ, ಮಸಾಲೆ ಪುಡಿ ಕಟ್ಟಿಸಿಕೊಂಡು ಹೋಗುವ ನಮ್ಮ ಕನ್ನಡದ ಮನೆಗಳು ಅಲ್ಲಿ ಸಾಕಷ್ಟಿವೆ. ಅಲ್ಲಿನ ಮಗುವಿಗೆ ಈ ನಿಗಾ ಇದೆ. ಅದೇ ಪುಡಿಯನ್ನು ಇಲ್ಲಿ ತಿನ್ನುವ ಮಗುವಿಗೆ ಇಲ್ಲ.

ಅಲ್ಲಿನ ಮಕ್ಕಳಿಗೂ ಅದು ಸದಾ ಇರುತ್ತದೆ ಎನ್ನುವ ಹಾಗಿಲ್ಲ ಎಂದು 2025 ತೋರಿಸಿತು. ಆ ವರ್ಷದ ಮೊದಲ ತಿಂಗಳುಗಳಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಹಳೆಯ ಸರ್ಕಾರಿ ಶಾಲೆಗಳಲ್ಲಿ ಉದುರುತ್ತಿದ್ದ ಬಣ್ಣದಿಂದ ಮಕ್ಕಳಿಗೆ ಸೀಸ ತಗುಲಿದ್ದು ಪತ್ತೆಯಾಗಿ ಹಲವು ಶಾಲೆಗಳನ್ನು ಮುಚ್ಚಬೇಕಾಯಿತು. ನಗರದವರು ಸಿಡಿಸಿಯ ಪರಿಣತರನ್ನು ಕಳಿಸಿ ಎಂದು ಕೇಳಿದರು. ಏಪ್ರಿಲ್ 1ರಂದು ಕೇಂದ್ರದ ಆರೋಗ್ಯ ಇಲಾಖೆಯಲ್ಲಿ ಸಾವಿರಾರು ಜನರನ್ನು ಕೆಲಸದಿಂದ ತೆಗೆದಾಗ ಸೀಸದ ವಿಭಾಗದವರೂ ಹೋದರು. ನಮ್ಮ ಸೀಸ ಕಾರ್ಯಕ್ರಮವೇ ಇಲ್ಲವಾಗಿದೆ, ಬರಲಾಗುವುದಿಲ್ಲ ಎಂಬ ಉತ್ತರ ಮಿಲ್ವಾಕಿಗೆ ಬಂತು. ಆ ಕೆಲಸಕ್ಕೆ ಸಂಸತ್ತು ಮಂಜೂರು ಮಾಡಿದ ಹಣ ವರ್ಷಕ್ಕೆ 5.1 ಕೋಟಿ ಡಾಲರ್ ಇತ್ತು. ಕಾಗದದ ಮೇಲೆ ಹಣ ಇದ್ದು, ಕೆಲಸ ಮಾಡುವವರನ್ನು ಮನೆಗೆ ಕಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. ಜೂನ್‌ನಲ್ಲಿ ಕೆಲವರನ್ನು ಮರಳಿ ಕರೆದರು. ಆ ನಡುವಿನ ತಿಂಗಳುಗಳಲ್ಲಿ ಎರಡನೆಯ ಹುಟ್ಟುಹಬ್ಬ ದಾಟಿದ ಮಕ್ಕಳ ಕಾಲ ಮರಳಿ ಬರುವುದಿಲ್ಲ.

ಇನ್ನು ನಮ್ಮ ಮನೆಯ ಮಾತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನ ದೇಶದ ದೊಡ್ಡ ನಗರಗಳಲ್ಲಿ ಜನರ ರಕ್ತದ ಸೀಸವನ್ನು ಅಳೆಯಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ 10 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇತ್ತು. ಪ್ರತಿಷ್ಠಾನದ ಸ್ಥಾಪಕರಾದ ಅಬ್ರಹಾಂ ಜಾರ್ಜ್ ಮತ್ತು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಈ ಕೆಲಸದ ಹಿಂದಿದ್ದವರು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದಲ್ಲಿ, ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಸೇಂಟ್ ಜಾನ್ಸ್‌ನಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಮಾರ್ಗದರ್ಶನ ಕೇಂದ್ರ ತಲೆ ಎತ್ತಿತು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ 2016ರಲ್ಲಿ ಹೊರಟು 2017ರ ನವೆಂಬರ್‌ನಿಂದ ಜಾರಿಗೆ ಬಂತು. ಒಂದು ಪ್ರತಿಷ್ಠಾನ, ಒಂದು ಕಾಲೇಜು, ಕೆಲವು ಹಟಹಿಡಿದ ಮನುಷ್ಯರು ಇಷ್ಟು ಮಾಡಿದರು. ಇದು ನಮ್ಮ ಊರಿನ ಹೆಮ್ಮೆ, ನಾವು ಸಾಕಷ್ಟು ಹೇಳಿಕೊಂಡಿಲ್ಲ.

ಪೆಟ್ರೋಲಿನಿಂದ ಸೀಸ ಹೋದ ಮೇಲೆ ಸಮಸ್ಯೆ ಮುಗಿಯಿತು ಎಂಬ ಭಾವನೆ ಬಂದುಬಿಟ್ಟಿತು. ಮುಗಿದಿಲ್ಲ. ಜಗತ್ತಿನ ಮಕ್ಕಳಲ್ಲಿ ಮೂವರಿಗೆ ಒಬ್ಬರ ರಕ್ತದಲ್ಲಿ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ ಎಂದು 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ ವರದಿ ಅಂದಾಜು ಮಾಡಿತು. ಅಂಥ ಮಕ್ಕಳು ಭಾರತದಲ್ಲೇ ಸುಮಾರು 27.5 ಕೋಟಿ ಎಂದಿತು. ನೀತಿ ಆಯೋಗ ಮತ್ತು ಸಿಎಸ್‌ಐಆರ್ 2022ರಲ್ಲಿ ಇದೇ ವಿಷಯದ ಮೇಲೆ ವರದಿ ಕೊಟ್ಟವು. ಈ ಎಲ್ಲವೂ ಚದುರಿದ ಸಣ್ಣ ಅಧ್ಯಯನಗಳನ್ನು ಮತ್ತು ಗಣಿತದ ಮಾದರಿಗಳನ್ನು ಕೂಡಿಸಿ ಕಟ್ಟಿದ ಅಂದಾಜುಗಳು. ಯಾವ ತಾಲೂಕಿನ ಯಾವ ಓಣಿಯ ಯಾವ ಮಗು ಎಂದು ಅವು ಹೇಳಲಾರವು. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡುಗಳು ಊರ ಹೊರಗೆ ನಡೆಯುತ್ತವೆ. ಅಲ್ಲಿ ದುಡಿಯುವ ತಂದೆ ಸಂಜೆ ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ. ಆ ಮಗುವಿನ ರಕ್ತವನ್ನು ಯಾರೂ ನೋಡುವುದಿಲ್ಲ.

ನೋಡುವ ಕೈಗಳು ನಮ್ಮಲ್ಲಿ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಹೋಗಬೇಕೆಂಬ ವ್ಯವಸ್ಥೆ ಇದೆ. ಹುಟ್ಟಿನ ದೋಷ, ಪೋಷಕಾಂಶದ ಕೊರತೆ, ಬೆಳವಣಿಗೆಯ ವಿಳಂಬ ಎಲ್ಲವನ್ನೂ ಹುಡುಕುವ ಆ ಪಟ್ಟಿಯಲ್ಲಿ ಸೀಸ ಇಲ್ಲ. ಬೆಳವಣಿಗೆ ತಡವಾದ ಮಗು ಸಿಗುತ್ತದೆ, ಏಕೆ ತಡವಾಯಿತು ಎಂಬುದಕ್ಕೆ ಇರಬಹುದಾದ ಒಂದು ಕಾರಣವನ್ನು ನಾವು ಕೇಳುವುದೇ ಇಲ್ಲ. ರಕ್ತಹೀನತೆ ನೋಡಲು ಅದೇ ಮಕ್ಕಳ ಬೆರಳನ್ನು ಹೇಗೂ ಚುಚ್ಚುತ್ತೇವೆ. ಇನ್ನೆರಡು ಹನಿ ತೆಗೆದು ಸೀಸವನ್ನೂ ನೋಡುವುದಕ್ಕೆ ಬೇಕಾದದ್ದು ಸಾಮಗ್ರಿ, ತರಬೇತಿ, ದೃಢೀಕರಿಸುವ ಪ್ರಯೋಗಾಲಯ ಮತ್ತು ಅದಕ್ಕೆಂದೇ ಮೀಸಲಾದ ಹಣ.

ಎಲ್ಲ ಮಕ್ಕಳಿಗೂ ನಾಳೆಯೇ ಪರೀಕ್ಷೆ ಆಗಲಿ ಎಂದು ನಾನು ಕೇಳುತ್ತಿಲ್ಲ. ಜಾರ್ಜಿಯಾ ದೇಶ 2018ರಲ್ಲಿ ಯುನಿಸೆಫ್ ನೆರವಿನ ಒಂದು ಸಮೀಕ್ಷೆಯಲ್ಲಿ ಸೀಸವನ್ನೂ ಸೇರಿಸಿ ನೋಡಿತು. ನೂರಕ್ಕೆ 41 ಮಕ್ಕಳಲ್ಲಿ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇರುವುದು ತಿಳಿದ ಮೇಲೆ ಅಲ್ಲಿನ ಸರ್ಕಾರ ಮಸಾಲೆಗಳ ಮೇಲೆ ಕಣ್ಣಿಟ್ಟಿತು. ಕರ್ನಾಟಕ ಅಂಥ ಒಂದು ಸಮೀಕ್ಷೆಯಿಂದ ಆರಂಭಿಸಬಹುದು. ಜೊತೆಯಲ್ಲೇ ಬ್ಯಾಟರಿ ಗುಜರಿಯ, ಲೋಹ ಕರಗಿಸುವ ಕಸುಬು ಇರುವ ಬಡಾವಣೆಗಳ ಅಂಗನವಾಡಿಗಳಲ್ಲಿ ಒಂದು ಮತ್ತು ಎರಡು ವರ್ಷದ ಮಕ್ಕಳಿಗೆ ಪರೀಕ್ಷೆ ಮಾಡಿಸಬಹುದು. ತಾಯಿ ಕಾರ್ಡಿನಲ್ಲಿ ಸೀಸಕ್ಕೆ ಒಂದು ಖಾನೆ ಇರಲಿ. ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ 5 ಮೈಕ್ರೊಗ್ರಾಂ ದಾಟಿದ ಪ್ರತಿ ಫಲಿತಾಂಶವೂ ತಪ್ಪದೆ ಹೋಗಲಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಮೂಲವನ್ನು ಹುಡುಕಲು ಹೇಳುವ ಮಟ್ಟವೂ ಅದೇ. ಮನೆಗೆ ಹೋಗಿ ನೋಡುವ ನೌಕರನ ಹುದ್ದೆ ಖಾಯಂ ಆಗಿರಲಿ. ಈ ಹಣ ಬೇರೆ ಯಾವ ದೊಡ್ಡ ಯೋಜನೆಯ ಹೊಟ್ಟೆಯಲ್ಲೂ ಕರಗದೆ ತನ್ನ ಹೆಸರಿನ ಲೆಕ್ಕಶೀರ್ಷಿಕೆಯಲ್ಲೇ ಉಳಿಯಬೇಕು. 1981ರ ಅಮೆರಿಕದಿಂದ ಕಲಿಯಬೇಕಾದದ್ದು ಅದು.

ಈ ಸಭೆಯಲ್ಲಿ ಮಕ್ಕಳ ವೈದ್ಯರಿದ್ದೀರಿ, ಮೇಷ್ಟ್ರುಗಳಿದ್ದೀರಿ, ನಿವೃತ್ತ ಅಧಿಕಾರಿಗಳಿದ್ದೀರಿ. ಮುಂದಿನ ಆಯವ್ಯಯದ ಪೂರ್ವಭಾವಿ ಸಭೆಗಳು ಶುರುವಾಗುವ ಮೊದಲು ನಿಮ್ಮ ಶಾಸಕರಿಗೆ, ಆರೋಗ್ಯ ಇಲಾಖೆಗೆ ಒಂದೊಂದು ಪತ್ರ ಬರೆಯಿರಿ. ಕರ್ನಾಟಕದ ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಇದೆ ಎಂಬುದಕ್ಕೆ ಸರ್ಕಾರದ ಬಳಿ ಇರುವ ಲೆಕ್ಕವನ್ನು ಕೇಳಿರಿ. ಉತ್ತರ ಬರುವವರೆಗೆ ಕೇಳುತ್ತಲೇ ಇರಿ.